ಪದಚರ್ಚೆ: ಒಂದೇ ಎಲೆಕ್ಟ್ರಾನ್ ‘ಚದುರಬಹುದೇ’?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ನಾನು ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಲೋಹದೊಳಗೆ ಹೊಕ್ಕ ಎಲೆಕ್ಟ್ರಾನ್ ಹೇಗೆ ಓಡಾಡುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ತೋರಿಸುವ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಕ್ಯಾಟರಿಂಗ್, ಅಂದರೆ ಕಣವೊಂದು ಢಿಕ್ಕಿ ಹೊಡೆದು ದಾರಿ ಬದಲಿಸುವುದು. ಅದಕ್ಕೆ ರೂಢಿಯಂತೆ ‘ಚದುರಿಕೆ’ ಎಂದು ಬರೆದೆ. “ಎಲೆಕ್ಟ್ರಾನ್ ಹನ್ನೆರಡು ಸಲ ಚದುರಿ ಹೊರಗೆ ಬಂತು” ಎಂದು ಓದಿದಾಗ ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಇರೋದು ಒಂದು. ಅದು ಹೆಂಗ ಚದುರತೈತಿ?”

ಅವಳ ಮಾತು ಸರಿ ಅಲ್ವಾ? ಜನ ಚದುರುತ್ತಾರೆ. ಕಣದಲ್ಲಿ ಕಾಳು ಚದುರುತ್ತವೆ. ಮೋಡ ಚದುರಿತು ಎನ್ನುತ್ತೇವೆ ನಿಜ, ಆದರೆ ಅಲ್ಲಿಯೂ ಒಂದು ರಾಶಿ ಒಡೆದು ಹರಡುತ್ತದೆ. ‘ಒಬ್ಬನೇ ಚದುರಿದ’ ಎಂದು ಯಾರೂ ಹೇಳುವುದಿಲ್ಲ. ರಾಮನ್ ಅವರ ಕೆಲಸವನ್ನು ವಿವರಿಸುವಾಗ ‘ಬೆಳಕಿನ ಚದುರಿಕೆ’ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅಲ್ಲಿ ಒಂದು ಕಿರಣವೇ ನಾಲ್ಕೂ ಕಡೆ ಹರಡುತ್ತದೆ.

ನಮ್ಮ ಸಿಮ್ಯುಲೇಶನ್ ನಡೆಯುವುದೇ ಬೇರೆ ಥರ. ಇದು ಮಾಂಟೆ ಕಾರ್ಲೊ ವಿಧಾನ. ಮೊನಾಕೊದ ಜೂಜುಕಟ್ಟೆಯ ಹೆಸರು ಹೊತ್ತ ಇದರ ಬಗ್ಗೆ ವಿಜ್ಞಾನಿಗಳಾದ ಮೆಟ್ರೊಪೊಲಿಸ್ ಮತ್ತು ಉಲಾಮ್ 1949ರಲ್ಲಿ ಲೇಖನ ಬರೆದರು. ಒಂದು ಸಲಕ್ಕೆ ಒಂದು ಎಲೆಕ್ಟ್ರಾನ್ ಬಿಡುತ್ತೇವೆ, 1000 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಕೊಟ್ಟು ಅಂದುಕೊಳ್ಳಿ (ಎಲೆಕ್ಟ್ರಾನ್‌ವೋಲ್ಟ್ ಎಂದರೆ ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ಮುಂದಿನ ಢಿಕ್ಕಿಗೆ ಎಷ್ಟು ದೂರ, ಯಾವ ಬಗೆಯ ಢಿಕ್ಕಿ, ಆಮೇಲೆ ಯಾವ ಕೋನ, ಎಲ್ಲಕ್ಕೂ ಚೀಟಿ ಎತ್ತಿದ ಹಾಗೆ ಒಂದೊಂದು ಸಂಖ್ಯೆ. ಕೆಲವು ಢಿಕ್ಕಿಗಳಲ್ಲಿ ದಿಕ್ಕು ಬದಲಾಗುತ್ತದೆ, ಶಕ್ತಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇನ್ನು ಕೆಲವುಗಳಲ್ಲಿ ಶಕ್ತಿ ಸೋರುತ್ತದೆ, ಆ ಶಕ್ತಿ ಪಡೆದು ಲೋಹದ್ದೇ ಎಲೆಕ್ಟ್ರಾನ್ ಮೇಲೇಳಬಹುದು. ಹೀಗೆ ಸಾವಿರಾರು ಎಲೆಕ್ಟ್ರಾನ್‌ಗಳ ದಾರಿ ಕೂಡಿಸಿದ ಮೇಲಷ್ಟೇ ಚದುರಿಕೆ ಕಾಣುತ್ತದೆ.

ಹಾಗಾದರೆ ಒಂದೊಂದು ಢಿಕ್ಕಿಯಲ್ಲಿ ಆಗುವುದಕ್ಕೆ ಏನನ್ನಬೇಕು? ನನಗೆ ಹೊಳೆದದ್ದು ‘ಹೊರಳು’. ಹಳಗನ್ನಡದ ಪೊರಳ್. ಕೊರಳು ನಮ್ಮ ಕಡೆ ಕೊಳ್ಳು ಆಗುವ ಹಾಗೆ ಹೊರಳು ಹೊಳ್ಳು ಆಗಿದೆ. “ಅರ್ಧ ದಾರಿಗೆ ಹೋಗಿ ಹೊಳ್ಳಿ ಬಂದ” ಎಂದರೆ ತಿರುಗಿ ಬಂದ ಎಂದರ್ಥ. ಆಗ “ಎಲೆಕ್ಟ್ರಾನ್ ಹನ್ನೆರಡು ಸಲ ಹೊರಳಿತು” ಎಂದರೆ ತರಗತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಇನ್ನೊಂದು ಗಂಟೂ ಬಿಚ್ಚುತ್ತದೆ. ಹೊರಗೆ ಬರುವ ಎಲೆಕ್ಟ್ರಾನ್‌ಗಳಲ್ಲಿ ಎರಡು ಗುಂಪು. ನಾವು ಬಿಟ್ಟದ್ದೇ ತಿರುಗಿ ಬಂದರೆ ಅದು ‘ಹೊಳ್ಳಿ ಬಂದದ್ದು’. ಲೋಹದೊಳಗಿನದು ಎದ್ದು ಬಂದರೆ ‘ಸಿಡಿದು ಬಂದದ್ದು’. ಪಂಚಮಿಗೆ ಅಳ್ಳು ಹುರಿಯುವಾಗ ಜೋಳ ಸಿಡಿದು ಆಚೆ ಬೀಳುತ್ತದಲ್ಲ, ಹಾಗೆ. ಪ್ರಯೋಗದಲ್ಲಿ ಯಾವುದು ಯಾವುದೆಂದು ಗುರುತು ಹಚ್ಚಲು ಆಗುವುದಿಲ್ಲ. ಅದಕ್ಕೇ 50 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಇದ್ದರೆ ಸಿಡಿದದ್ದು ಎಂದು ಲೆಕ್ಕ ಹಿಡಿಯುವ ರೂಢಿಯಿದೆ. ಇಂಥದಕ್ಕೆ ಪುಸ್ತಕದಲ್ಲಿರುವ ‘ದ್ವಿತೀಯಕ’ (ಸೆಕೆಂಡರಿ) ಎಂಬ ಪದ ನೋಡಿದರೆ ಹುಡುಗರು ಎರಡನೆಯದಾಗಿ ಬಂದದ್ದು ಅಂದುಕೊಳ್ಳುತ್ತಾರೆ.

ಇನ್ನು ವರ್ಕ್ ಫಂಕ್ಷನ್. ಲೋಹದಿಂದ ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ ಇದು. ಸೀಸಿಯಮ್‌ಗೆ ಸುಮಾರು 2, ಚಿನ್ನಕ್ಕೆ 5ಕ್ಕಿಂತ ಜಾಸ್ತಿ ಎಲೆಕ್ಟ್ರಾನ್‌ವೋಲ್ಟ್. ‘ಕಾರ್ಯಫಲನ’ ಎಂದರೆ ಗಣಿತದ ಫಲನ ನೆನಪಾಗಿ ದಾರಿ ತಪ್ಪುತ್ತದೆ. ಜರ್ಮನ್ನರು ಇದಕ್ಕೆ ಔಸ್ಟ್ರಿಟ್ಸ್‌ಆರ್ಬೈಟ್ ಎನ್ನುತ್ತಾರೆ, ಅಂದರೆ ಹೊರಬೀಳುವ ಕೆಲಸ. ನಾವು ‘ದಾಟುಶಕ್ತಿ’ ಎನ್ನಬಹುದೇ? ಮೇಲ್ಮೈಗೆ ಬಂದ ಎಲೆಕ್ಟ್ರಾನ್ ಸಾಕಷ್ಟು ಶಕ್ತಿಯಿದ್ದು ನೇರವಾಗಿ ಬಂದರೆ ದಾಟುತ್ತದೆ, ಅಷ್ಟೇ ಶಕ್ತಿಯಿದ್ದರೂ ತೀರಾ ಓರೆಯಾಗಿ ಬಂದರೆ ಒಳಗೇ ಹೊಳ್ಳುತ್ತದೆ. ಈ ವಾಕ್ಯ ಬರೆದಾಗ ಎರಡೂ ಪದ ಒಟ್ಟಿಗೆ ಸರಿಯಾಗಿ ಕೂತವು ಅನಿಸಿತು.

ನನ್ನ ಚಿಂತೆ ಒಂದೇ. ಮೈಸೂರು, ಮಂಗಳೂರು ಕಡೆ ‘ಹೊರಳು’ ಎಂದರೆ ನೆಲದಲ್ಲಿ ಉರುಳುವುದೇ ಮೊದಲು ನೆನಪಾಗುತ್ತದೆಯೇ? ‘ಹೊಳ್ಳಿ ಬಂತು’ ಅಲ್ಲಿ ತಿಳಿಯುತ್ತದೆಯೇ? ಒಂದೇ ವಸ್ತು ತಾಗಿ ದಾರಿ ಬದಲಿಸುವುದಕ್ಕೆ ನಿಮ್ಮ ಊರಿನಲ್ಲಿ, ಗೋಲಿ ಆಟದಲ್ಲೋ ಹೊಲದಲ್ಲೋ, ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ.