ಪುಟ್ಟಿ, ಅಳು ಬಂದರೆ ಬರಲಿ ಬಿಡು

ಪುಟ್ಟಿ, ನಾನು, ನಿನ್ನ ಚಿಕ್ಕಮ್ಮ ಕಾಕು, ಮಾತಾಡ್ತಿದ್ದೇನೆ. ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಗ್ಗೆ ನೋಡಿದೆ. ನಿಮ್ಮವ್ವನ ಆಪರೇಷನ್ ಚೆನ್ನಾಗಿ ಆಯಿತು ಅಂತ ಓದಿದ ಕೂಡಲೇ ದೇವರಿಗೆ ದೀಪ ಹಚ್ಚಿದೆ. ಉಳಿದದ್ದನ್ನು ಆಮೇಲೆ ಓದಿದೆ. ಡಾಕ್ಟರ್ ಹತ್ತಿರ ಮಾತಾಡುವಾಗ ಅಳು ಬರಲಿಲ್ಲ, ಸಹಿ ಹಾಕುವಾಗ ಬರಲಿಲ್ಲ, ಪಕ್ಕದ ಬೆಡ್ಡಿನ ಹಾವೇರಿಯವರು ತಮಗೆ ತರುವಾಗ ನಿನಗೂ ಒಂದು ಫ್ಲಾಸ್ಕ್ ಬಿಸಿನೀರು ತಂದಿಟ್ಟಾಗ ಅಳು ಬಂತು, "ಇಷ್ಟಕ್ಕೆಲ್ಲ ಅತ್ತೆನಲ್ಲ, ನನಗೇನಾಗಿದೆ" ಅಂತ ಬರೆದಿದ್ದೀಯಲ್ಲ, ಅದು. ದೊಡ್ಡಪ್ಪ "ಗಟ್ಟಿ ಇರಬೇಕು" ಅಂತ ಹಾಕಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದಾರೆ. ನನಗೆ ಬೇರೆಯೇ ಅನಿಸ್ತು. ಟೈಪ್ ಮಾಡಿದರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೇನೆ.

ನೀನು ಗಟ್ಟಿ ಇದ್ದೀಯ ಅಂತಲೇ ಅಳು ಅಷ್ಟು ಹೊತ್ತು ತಡೆದಿತ್ತು. ಇಡೀ ದಿನ ಎಲ್ಲರೂ ನಿನ್ನ ಕೇಳಿದ್ದು ಪೇಷಂಟ್ ಬಗ್ಗೆ. ರಿಪೋರ್ಟ್ ಎಲ್ಲಿ, ಔಷಧ ತಂದ್ರಾ, ದುಡ್ಡು ಕಟ್ಟಿದ್ರಾ. ನಿನಗೂ ಗಂಟಲು ಒಣಗಿದೆ ಅಂತ ನೋಡಿದವರು ಆ ಹಾವೇರಿಯವರೊಬ್ಬರೇ. ಅಲ್ವಾ?

ನಿಮ್ಮ ಕಾಕಾ ಹೋದಾಗ ಮನೆ ತುಂಬ ಜನ ಇದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಓಣಿಯವರೇ ಅಡುಗೆ ತಂದರು. ಆಗ ಹೇಗೋ ನಡೆಯಿತು. ಕಷ್ಟ ಆಗಿದ್ದು ಎಲ್ಲರೂ ಅವರವರ ಊರಿಗೆ ಹೋದ ಮೇಲೆ. ಒಬ್ಬಳಿಗೆ ಏನು ಅಡುಗೆ ಅಂತ ಬರೀ ಚಹಾ ಕುಡಿದು ಸುಮ್ನೆ ಕೂತಿರುತ್ತಿದ್ದೆ. ಒಂದು ಬೆಳಗ್ಗೆ ಕಾಯಿಪಲ್ಯ ಮಾರುವವಳು ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಿ, ಒಂದು ಒದ್ದೆ ಬಟ್ಟೆಯ ಗಂಟು ತೆಗೆದಳು. ಒಳಗೆ ಮೆಂತ್ಯದ ಸೊಪ್ಪು. ಬೇರು, ದಂಟು ಎಲ್ಲ ತೆಗೆದು, ಎಲೆ ಎಲೆ ಬಿಡಿಸಿ, ಮಣ್ಣು ಹೋಗೋ ಹಾಗೆ ತೊಳೆದು ತಂದಿದ್ದಳು. "ಸೋಸಾಕ ಬ್ಯಾಸರ ಆಗತೈತ್ರೀ ಅಕ್ಕಾರ, ನಾನ ಸೋಸೀನಿ. ಒಗ್ಗರಣಿ ಹಾಕ್ರಿ, ಒಂದ ರೊಟ್ಟಿ ತಿನ್ರಿ" ಅಂದಳು. ದುಡ್ಡು ತಗೊಂಡಳು, ದಿನಾ ಎಷ್ಟೋ ಅಷ್ಟೇ. ಅದೂ ನನಗೆ ಹಿತವಾಯಿತು. ಸುಮ್ನೆ ಕೊಟ್ಟಿದ್ದರೆ ನಾನು ಬೇಡ ಅಂತಿದ್ದೆನೋ ಏನೋ. ಅವತ್ತು ಹಿಟ್ಟು ನಾದಿ ರೊಟ್ಟಿ ಬಡಿದೆ. ದುಃಖವೇನೂ ಹೋಗಲಿಲ್ಲ ಪುಟ್ಟಿ, ಈಗಲೂ ಇದೆ. ಆದರೆ ಹೊಟ್ಟೆಗೆ ಬಿತ್ತು, ಮಧ್ಯಾಹ್ನ ಕಣ್ಣು ಹತ್ತಿತು.

ಗದಗಿನ ಮನೆಯಲ್ಲಿ ನಿಮ್ಮ ಅಜ್ಜಿ ಜೋಳ ಹಸನು ಮಾಡುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಿದ್ದರು, ನೆನಪಿದೆಯಾ? ಡಬ್ಬಿ ತುಂಬಿದರೆ ವೀರೇಶ್ವರ ಪುಣ್ಯಾಶ್ರಮಕ್ಕೆ. ಕಣ್ಣು ಕಾಣದ ಮಕ್ಕಳು ಅಲ್ಲೇ ಇದ್ದು, ಉಂಡು, ಸಂಗೀತ ಕಲಿಯುತ್ತಾರೆ ಅಂತ. 2010ರಲ್ಲಿ ಆ ಆಶ್ರಮ ನಡೆಸುತ್ತಿದ್ದ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದ ದಿನ ಅಜ್ಜಿ ತಾವು ಊಟ ಮಾಡಲಿಲ್ಲ, ಡಬ್ಬಿಗೆ ಹಾಕುವ ಹಿಡಿ ಜೋಳ ಮಾತ್ರ ತಪ್ಪಿಸಲಿಲ್ಲ. ಅದರ ರೊಟ್ಟಿ ಯಾವ ಮಗು ತಿಂದಿತು ಅಂತ ಅವರು ಯಾವತ್ತೂ ಕೇಳಿದವರಲ್ಲ. ಹಾವೇರಿಯವರೂ ನಿನ್ನ ಹೆಸರು ಕೇಳಿ ನೀರು ತರಲಿಲ್ಲ ತಾನೆ? ಹಾಗಾಗಿ ಅವರ ಋಣ ಹೇಗೆ ತೀರಿಸಲಿ ಅಂತ ಲೆಕ್ಕ ಹಾಕುತ್ತಾ ಕೂರಬೇಡ. ಕೊಟ್ಟರೆ ತಗೊಂಡು ಕುಡಿ.

ಗ್ರೂಪಿನ ಉಳಿದವರಿಗೂ ಒಂದು ಮಾತು. "ಏನಾದರೂ ಬೇಕಾದರೆ ಹೇಳು" ಅಂತ ಎಲ್ಲರೂ ಬರೆದಿದ್ದೀರಿ. ಮನಸ್ಸಿನಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ಆಸ್ಪತ್ರೆಯಲ್ಲಿ ಕೂತ ಹುಡುಗಿಗೆ ಏನು ಬೇಕು ಅಂತ ಹೊಳೆಯೋದೇ ಇಲ್ಲ, ಹೊಳೆದರೂ ಕೇಳೋಕೆ ಸಂಕೋಚ. "ಇವತ್ತು ರಾತ್ರಿ ನಾನು ಕೂರುತ್ತೇನೆ, ನೀನು ಮನೆಗೆ ಹೋಗಿ ಸ್ನಾನ ಮಾಡಿ ಮಲಗು" ಅನ್ನಿ. "ಚಾರ್ಜರ್ ತರ್ತಿದ್ದೇನೆ" ಅನ್ನಿ. ಅಷ್ಟು ಸಾಕು.

ನಾಳೆ ಬೆಳಗ್ಗೆ ನಾನು ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿಯುತ್ತೇನೆ. ಆ ಬಸ್ಸಿಗೆ ಅಂತಲೇ ಪ್ರತ್ಯೇಕ ದಾರಿ ಇದೆ, ಟ್ರಾಫಿಕ್ ಚಿಂತೆ ಇಲ್ಲ, ನೀನು ಸ್ಟಾಪಿಗೆ ಬರಬೇಡ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ತರುತ್ತೇನೆ. ಹಾವೇರಿಯವರಿಗೂ ಸೇರಿಸಿಯೇ ಬಡಿಯುತ್ತೇನೆ, ಖಾರ ತಿನ್ನುತ್ತಾರಾ ಕೇಳಿಡು. ನಿಮ್ಮವ್ವನಿಗೆ ಏನು ಕೊಡಬಹುದು ಅಂತ ರೌಂಡ್ಸಿಗೆ ಬಂದ ಡಾಕ್ಟರನ್ನೇ ಕೇಳು, ಅವರು ಹೂಂ ಅಂದರೆ ಗಂಜಿ ಮಾಡಿ ತರುತ್ತೇನೆ. ವಾರ್ಡು ಯಾವ ಮಹಡಿ ಅಂತ ಹಾಕು. ಹುಬ್ಬಳ್ಳಿಯಲ್ಲಿರುವವರು ರಾತ್ರಿ ಯಾರು ಬರುತ್ತೀರಿ ಅಂತ ಈಗಲೇ ಹೇಳಿಬಿಡಿ.