ಅಪ್ಪನ ಮೇಜಿಗೆ ಯಾವ ಮಾನಿಟರ್?

ತಮ್ಮ: ಎರಡು ಮಾನಿಟರ್ ವಿವರ ಮೇಲೆ ಹಾಕಿದ್ದೀನಿ, ಎಲ್ರೂ ನೋಡಿ. ಒಂದು 27 ಇಂಚು 4ಕೆ (3840×2160 ಪಿಕ್ಸೆಲ್, ಅಂದ್ರೆ ಪರದೆಯ ಚುಕ್ಕಿಗಳು), ಐಪಿಎಸ್ ಅನ್ನೋ ಬಗೆಯ ಪ್ಯಾನೆಲ್, ಎತ್ತರ ಹೊಂದಿಸೋ ಸ್ಟ್ಯಾಂಡ್, ಯುಎಸ್‌ಬಿ-ಸಿ, ಎಚ್‌ಡಿಆರ್ 400 (ಹೊಳಪು-ಕತ್ತಲೆ ಹೆಚ್ಚು ಎದ್ದು ತೋರಿಸೋ ಸೌಲಭ್ಯ). ಇನ್ನೊಂದೂ 27 ಇಂಚೇ, ಫುಲ್ ಎಚ್‌ಡಿ (1920×1080), ವಿಎ ಅನ್ನೋ ಇನ್ನೊಂದು ಬಗೆಯ ಪ್ಯಾನೆಲ್, 100 ಹರ್ಟ್ಸ್ (ಚಿತ್ರ ಸೆಕೆಂಡಿಗೆ 100 ಸಲ ಬದಲಾಗುತ್ತೆ). ಇದು ಮೊದಲನೇದರ ಬೆಲೆಯ ಮೂರನೇ ಒಂದು ಪಾಲಿಗೆ ಸಿಗುತ್ತೆ. ನನ್ನ ವೋಟು ಇದಕ್ಕೇ.

ಅಪ್ಪ: ಅಗ್ಗದ್ದೇ ಸಾಕಪ್ಪ. ಪ್ರೂಫ್ ನೋಡೋಕೆ ಅಷ್ಟೆಲ್ಲ ಯಾಕೆ?

ಅಕ್ಕ: ಪ್ರೂಫ್ ನೋಡೋರಿಗೇ ಅಪ್ಪ ಅದು ಬೇಕಾಗಿರೋದು.

ತಮ್ಮ: ಅಕ್ಕ, ಎರಡೂ ಒಂದೇ ಅಳತೆ ಪರದೆ. ಈಗಿರೋ ಲ್ಯಾಪ್‌ಟಾಪ್‌ಗಿಂತ ಅಕ್ಷರ ಎಷ್ಟೋ ದೊಡ್ಡದಾಗಿ ಕಾಣುತ್ತೆ. ಇನ್ನೇನು ಬೇಕು?

ಅಕ್ಕ: ದೊಡ್ಡದಾಗಿ ಕಾಣೋದು ಬೇರೆ, ಚೊಕ್ಕವಾಗಿ ಕಾಣೋದು ಬೇರೆ ಕಣೋ. 27 ಇಂಚಲ್ಲಿ ಫುಲ್ ಎಚ್‌ಡಿ ಅಂದ್ರೆ ಇಂಚಿಗೆ ಸುಮಾರು 82 ಪಿಕ್ಸೆಲ್. 4ಕೆಯಲ್ಲಿ 163. ಅಪ್ಪ ನೋಡೋ ಪುಸ್ತಕದ ಅಕ್ಷರ 11 ಪಾಯಿಂಟ್. ಅದನ್ನ ಅಚ್ಚಿನ ಅಳತೆಯಲ್ಲೇ ಪರದೆ ಮೇಲೆ ತೋರಿಸಿದ್ರೆ, ಅಗ್ಗದ್ದರಲ್ಲಿ ಅದರ ಎತ್ತರಕ್ಕೆ ಸಿಗೋದು 12–13 ಪಿಕ್ಸೆಲ್. ಅಷ್ಟರೊಳಗೇ ಮೂಲಾಕ್ಷರ, ಮೇಲೆ ಗುಡಿಸು, ಕೆಳಗೆ ಒತ್ತು ಎಲ್ಲಾ ಕೂರಬೇಕು. ‘ರಾಷ್ಟ್ರ’ ಅಂತ ಬರೆದ್ರೆ ಕೆಳಗಿನ ಎರಡು ಒತ್ತು ಸೇರಿ ಒಂದು ಬೂದು ಮಚ್ಚೆ ಆಗುತ್ತೆ. ದಕ್ಕೂ ಧಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಬ-ಭ ಕೂಡ ಹಾಗೇ. ಆ ಸೀಳಿಗೆ ಒಂದೇ ಒಂದು ಪಿಕ್ಸೆಲ್ ಸಿಕ್ಕಿದ್ರೆ ಅದು ಇದೆಯೋ ಇಲ್ವೋ ಅಂತ ಕಣ್ಣು ಕಿರಿದು ಮಾಡಿ ಊಹಿಸಬೇಕು. ಊಹಿಸಿ ತಿದ್ದೋ ಕೆಲಸ ಅಲ್ಲ ಅದು.

ಅಪ್ಪ ಕೆಲಸ ಮಾಡೋದನ್ನ ಪಕ್ಕದಲ್ಲಿ ಕೂತು ನೋಡು. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗೋ ಹಾಗೆ ಬಗ್ತಾರೆ. ಆಮೇಲೆ ಶೇಕಡಾ 200ಕ್ಕೆ ಜೂಮ್ ಮಾಡ್ತಾರೆ, ಸಾಲಿನ ಕೊನೆ ಪರದೆಯಿಂದ ಆಚೆ ಹೋಗುತ್ತೆ, ಎಳ್ಕೊಂಡು ಬಂದು ಓದಿ ಮತ್ತೆ ಎಡಕ್ಕೆ ತಳ್ತಾರೆ. ಪ್ರತಿ ಸಾಲಿಗೂ.

ಅಮ್ಮ: ಸಂಜೆ ಆದ್ರೆ ಕುತ್ತಿಗೆ ಹಿಡ್ಕೊಂಡು ಕೂರ್ತಾರೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ತಮ್ಮ: ನಾನೇನು ಅಪ್ಪನ ಕಣ್ಣು ಹಾಳಾಗಲಿ ಅಂತಿದ್ದೀನಾ? 4ಕೆ ತಂದ್ರೆ ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಮೆನು ಎಲ್ಲಾ ಹಿಗ್ಗಿಸಿ ತೋರಿಸೋದು) ಶೇಕಡಾ 150ಕ್ಕೆ ಇಡಬೇಕು, ಇಲ್ದಿದ್ರೆ ಎಲ್ಲಾ ಇರುವೆ ಥರ ಕಾಣುತ್ತೆ. ಅಪ್ಪನ ಹಳೇ ಡಿಟಿಪಿ (ಪುಸ್ತಕದ ಪುಟ ಜೋಡಿಸೋ) ಸಾಫ್ಟ್‌ವೇರ್ ಸ್ಕೇಲಿಂಗ್ ಬರೋದಕ್ಕಿಂತ ಮುಂಚಿಂದು. ಅಂಥವನ್ನ ವಿಂಡೋಸ್ ಚಿತ್ರದ ಹಾಗೆ ಎಳೆದು ಹಿಗ್ಗಿಸುತ್ತೆ, ಅಕ್ಷರ ಮಸುಕಾಗುತ್ತೆ. ಅಷ್ಟು ದುಡ್ಡು ಕೊಟ್ಟು ಮಸುಕು ಅಕ್ಷರ ತರೋದಾ?

ಭಾವ: ಅವನು ಹೇಳ್ತಿರೋದು ನಿಜ. ಇನ್ನೊಂದು ವಿಷಯ. ಮಾವ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸೋ ಕಿಂಡಿ ಎಚ್‌ಡಿಎಂಐ 1.4. ಅದರಲ್ಲಿ 4ಕೆ ಹೋಗೋದು ಸೆಕೆಂಡಿಗೆ 30 ಸಲ ಮಾತ್ರ. ಮೌಸ್ ಅಲ್ಲಾಡಿಸಿದ್ರೆ ಬಾಣ ತಡವರಿಸ್ಕೊಂಡು ಬರುತ್ತೆ. 60 ಬೇಕಂದ್ರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಬೇಕು.

ಅಪ್ಪ: ಅದಕ್ಕೇ ಹೇಳಿದ್ದು, ಬೇಡ ಬಿಡಿ ಅಂತ.

ಅಕ್ಕ: ಬಿಡೋ ಮಾತೇ ಇಲ್ಲ. ಇವೆರಡೇ ಯಾಕೆ, ನಡುವೆ ಕ್ಯುಎಚ್‌ಡಿ ಇದೆಯಲ್ಲ. 27 ಇಂಚಿಗೆ 2560×1440, ಇಂಚಿಗೆ 109 ಪಿಕ್ಸೆಲ್. ಎಚ್‌ಡಿಎಂಐ 1.4ರಲ್ಲೂ 60 ಹರ್ಟ್ಸ್ ಹೋಗುತ್ತೆ. ಸ್ಕೇಲಿಂಗ್ ಮುಟ್ಟೋದೇ ಬೇಡ, ಹಾಗಾಗಿ ಹಳೇ ಸಾಫ್ಟ್‌ವೇರ್ ಮಸುಕಾಗಲ್ಲ. ಪುಟನ ಮಾತ್ರ 133ಕ್ಕೆ ಜೂಮ್ ಮಾಡಿದ್ರೆ ಅಗ್ಗದ್ದರಲ್ಲಿ ಕಾಣೋಷ್ಟೇ ದೊಡ್ಡದಾಗಿ ಕಾಣುತ್ತೆ, ಆದ್ರೆ ಒಂದೊಂದು ಅಕ್ಷರಕ್ಕೂ ಸುಮಾರು ಮುಕ್ಕಾಲು ಪಾಲು ಹೆಚ್ಚು ಪಿಕ್ಸೆಲ್.

ತಮ್ಮ: ಮೆನು ಅಕ್ಷರ ಚಿಕ್ಕದಾಗುತ್ತಲ್ಲ?

ಅಕ್ಕ: ಮೆನು ಅಪ್ಪಂಗೆ ಬಾಯಿಪಾಠ. ದಿನವಿಡೀ ಓದೋದು ಪುಟನ.

ದುಬಾರಿದರಲ್ಲಿ ಎಲ್ಲದಕ್ಕೂ ದುಡ್ಡು ಕೊಡಬೇಕು ಅಂತ ನಾನೂ ಹೇಳ್ತಿಲ್ಲ. ಯುಎಸ್‌ಬಿ-ಸಿ ಅಪ್ಪನ ಲ್ಯಾಪ್‌ಟಾಪ್‌ನಲ್ಲೇ ಇಲ್ಲ. ಎಚ್‌ಡಿಆರ್ 400 ಅನ್ನೋದು ಆ ಶ್ರೇಣಿಯ ಕೆಳಗಿನ ಮೆಟ್ಟಿಲು, ಪ್ರೂಫ್‌ಗೆ ಅದರಿಂದ ಏನೂ ಇಲ್ಲ. ಎರಡೂ ಬಿಟ್ಟುಬಿಡೋಣ. ಸ್ಟ್ಯಾಂಡ್ ಮಾತ್ರ ಬಿಡಲ್ಲ ನಾನು. ಅಪ್ಪಂದು ಪ್ರೋಗ್ರೆಸಿವ್ ಕನ್ನಡಕ, ಹತ್ತಿರದ್ದನ್ನ ಓದೋ ಭಾಗ ಗಾಜಿನ ಕೆಳಗಿರುತ್ತೆ. ಪರದೆ ಎತ್ತರದಲ್ಲಿದ್ರೆ ಗದ್ದ ಮೇಲೆತ್ತಿ ಓದಬೇಕು, ಅದರಿಂದಲೂ ಕುತ್ತಿಗೆ ನೋವು ಬರುತ್ತೆ. ಅಗ್ಗದ್ದರ ಸ್ಟ್ಯಾಂಡ್ ಹಿಂದಕ್ಕೆ ಮುಂದಕ್ಕೆ ಬಾಗುತ್ತೆ ಅಷ್ಟೇ, ಕೆಳಗಿಳಿಯಲ್ಲ.

ತಮ್ಮ: ಸರಿ. ಆದ್ರೆ ರಾತ್ರಿ ಸಿನಿಮಾ ನೋಡೋಕೆ ವಿಎ ಚೆನ್ನಾಗಿರುತ್ತೆ, ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತೆ. ಅದರ ಕಾಂಟ್ರಾಸ್ಟ್ 3000:1 ಹತ್ತಿರ, ಮಾಮೂಲಿ ಐಪಿಎಸ್‌ದು 1000:1. ನಾನು ಬಂದಾಗ ಆಟನೂ ಆಡ್ತೀನಿ. ನಾನೂ ದುಡ್ಡು ಹಾಕ್ತಿದ್ದೀನಲ್ವಾ?

ಅಕ್ಕ: ಹಾಕ್ತಿದ್ದೀಯ, ಇಲ್ಲ ಅನ್ನಲ್ಲ. ಸಿನಿಮಾ ವಿಷಯದಲ್ಲಿ ನೀನು ಹೇಳೋದು ಸರಿನೇ. ಆದ್ರೆ ಅಗ್ಗದ ವಿಎ ಪ್ಯಾನೆಲ್‌ನಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ಕಪ್ಪು ಬಾಲ ಎಳೆಯುತ್ತೆ, 100 ಹರ್ಟ್ಸ್ ಇದ್ರೂ. ನಿನ್ನ ಆಟಕ್ಕೂ ಅದು ಒಳ್ಳೇದಲ್ಲ. ಹೆಚ್ಚಾಗೋ ದುಡ್ಡು ನಾನೇ ಹಾಕ್ತೀನಿ ಬಿಡು.

ತಮ್ಮ: ಅದೆಲ್ಲ ಬೇಡ. ಸಮಪಾಲು ಅಂತ ಮಾತಾಗಿದೆ, ಸಮಪಾಲೇ. ಕ್ಯುಎಚ್‌ಡಿ, ಐಪಿಎಸ್, ಎತ್ತರ ಹೊಂದಿಸೋ ಸ್ಟ್ಯಾಂಡ್. 75 ಅಥವಾ 100 ಹರ್ಟ್ಸ್ ಇರೋದು ಅದೇ ಬೆಲೆಗೆ ಸಿಕ್ಕಿದ್ರೆ ಬೇಡ ಅನ್ನಬೇಡ.

ಅಕ್ಕ: ಅನ್ನಲ್ಲ. ಫ್ಲಿಕರ್-ಫ್ರೀ (ಬೆಳಕು ಮಿನುಗದ್ದು) ಅಂತ ಇದೆಯಾ ನೋಡು. ವಾಪಸ್ ಕೊಡೋಕೆ ಎಷ್ಟು ದಿನ ಅಂತಲೂ ಕೇಳ್ಕೋ. ಬಂದ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ಇಟ್ಟು ಸತ್ತ ಪಿಕ್ಸೆಲ್ ಹುಡುಕಬೇಕು.

ಅಪ್ಪ: ಬಿಳಿ ಕಪ್ಪು ನೀವು ನೋಡ್ಕೊಳ್ಳಿ. ನಾನು ಈಗ ತಿದ್ದುತ್ತಿರೋ ಪುಸ್ತಕದ ಅಡಿಟಿಪ್ಪಣಿ 8 ಪಾಯಿಂಟ್‌ನಲ್ಲಿದೆ. ಅದನ್ನ ತೆರೆದು ಓದಿ ನೋಡ್ತೀನಿ, ಆಮೇಲೆ ಪೆಟ್ಟಿಗೆ ಬಿಸಾಕಿ.