ಹ್ಯಾಶನ್ನು ‘ಬಿಡಿಸಿದೆ’ ಅನ್ನಬಹುದಾ?

ಮಂಗಳೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲ್ಯಾಬಿನ ವರದಿಯನ್ನು ಕನ್ನಡದಲ್ಲೂ ಬರೆಯಬಹುದು ಅಂತ ಈ ಸಲ ಹೇಳಿದ್ದೆ. ಉಡುಪಿ ಕಡೆಯ ಹುಡುಗಿಯೊಬ್ಬಳು ಹೀಗೆ ಬರೆದು ತಂದಳು: ‘ಬೀಗದ ಕೈ ಬಳಸಿ ಹ್ಯಾಶ್ ಬಿಡಿಸಿದೆ, ಪಿನ್ ಹೊರಗೆ ಬಂತು.’ ಹ್ಯಾಶ್ ಅಂದರೆ ಕೊಟ್ಟದ್ದನ್ನು ಲೆಕ್ಕ ಹಾಕಿ ಕಲಸಿ, ವಾಪಸ್ ತಿರುಗಿಸಲಾಗದ ಹಾಗೆ ಮಾಡಿದ ಅಕ್ಷರಗಳ ಸಾಲು. ಅವಳ ವಾಕ್ಯ ಚೆಂದ ಇದೆ. ಆದರೆ ಅವಳು ಮಾಡಿದ ಕೆಲಸ ಅದಲ್ಲ. ಕೆಂಪು ಗೆರೆ ಎಳೆದೆ, ಬದಲಿಗೆ ಏನು ಬರೆಯಬೇಕು ಅಂತ ಹೊಳೆಯಲಿಲ್ಲ.

ಅವಳ ಮುಂದಿದ್ದದ್ದು ಎಚ್‌ಮ್ಯಾಕ್-ಶಾ-256 (ಕೀ ಅನ್ನುವ ಗುಟ್ಟಿನ ಸಾಲನ್ನೂ ಬೆರೆಸಿ ಹ್ಯಾಶ್ ಮಾಡುವ ವಿಧಾನ) ಕೊಟ್ಟ 64 ಅಕ್ಷರಗಳ ಒಂದು ಸಾಲು, ಅದಕ್ಕೆ ಬಳಸಿದ ಕೀ. ಗೊತ್ತಿಲ್ಲದ್ದು ಆರಂಕಿಯ ಪಿನ್ ಮಾತ್ರ. 000000ದಿಂದ ಶುರುಮಾಡಿ ಒಂದೊಂದನ್ನೂ ಅದೇ ಕೀ ಜೊತೆ ಹ್ಯಾಶ್ ಮಾಡಿ, ಬಂದದ್ದನ್ನು ಕೈಲಿದ್ದ ಸಾಲಿನೊಂದಿಗೆ ತಾಳೆ ನೋಡುತ್ತಾ ಹೋದಳು. ಹೆಚ್ಚೆಂದರೆ 10 ಲಕ್ಷ ಸಲ. ಕಂಪ್ಯೂಟರಿಗೆ ಅದು ಕೆಲವು ಸೆಕೆಂಡಿನ ಕೆಲಸ. ಒಂದು ಕಡೆ ಎರಡೂ ಸಾಲು ಅಕ್ಷರಕ್ಕೆ ಅಕ್ಷರ ಕೂಡಿಬಂತು.

ಗಂಟು ಬಿಡಿಸುತ್ತೇವೆ, ಹಲಸಿನ ತೊಳೆ ಬಿಡಿಸುತ್ತೇವೆ. ಒಳಗಿದ್ದದ್ದು ಹಾಗೇ ಇರುತ್ತದೆ, ಹೊರಗೆ ತೆಗೆಯುತ್ತೇವೆ ಅಷ್ಟೇ. ಹ್ಯಾಶಿನೊಳಗೆ ಪಿನ್ ಕೂತಿಲ್ಲ. ಅದು ನಮ್ಮ ಅಡುಗೆಮನೆಯ ಅರೆಪ್ಪಿನ ಹಾಗೆ. ಕಡೆಯುವ ಕಲ್ಲಿನಲ್ಲಿ ನುಣ್ಣಗಾದ ಮೇಲೆ ಕೊತ್ತಂಬರಿ, ಜೀರಿಗೆ ವಾಪಸ್ ಸಿಗುತ್ತದಾ? ಇಂಥದ್ದು ಹಾಕಿರಬಹುದು ಅಂತ ಊಹಿಸಿ, ಹೊಸದಾಗಿ ಅರೆದು, ರುಚಿ ಹೋಲಿಸಬಹುದು. ಅಂದಹಾಗೆ, ಪಾಸ್‌ವರ್ಡ್ ಹ್ಯಾಶ್ ಮಾಡುವಾಗ ಬೆರೆಸುವ, ಗುಟ್ಟಲ್ಲದ ಹೆಚ್ಚುವರಿ ಸಾಲಿಗೆ ಸಾಲ್ಟ್, ಗುಟ್ಟಾಗಿ ಇಡುವುದಕ್ಕೆ ಪೆಪ್ಪರ್ ಅಂತಲೇ ಹೆಸರು. ನಮ್ಮ ಉಪ್ಪು, ಒಳ್ಳೆಮೆಣಸು!

‘ಬೀಗದ ಕೈ’ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಬೀಗದ ಕೈ ಸಿಕ್ಕಿದರೆ ಬಾಗಿಲು ತೆರೆಯುತ್ತದೆ. ಇಲ್ಲಿ ಕೀ ಸಿಕ್ಕಿದರೂ ಏನೂ ತೆರೆಯುವುದಿಲ್ಲ, ಒಂದೊಂದಾಗಿ ಹಾಕಿ ನೋಡುವ ಅವಕಾಶ ಸಿಗುತ್ತದೆ. ಪಿನ್ ಗಿಡ್ಡ ಇದ್ದದ್ದರಿಂದ ಕೆಲಸ ಆಯಿತು. ಅದೇ, ಒಂದೊಂದಾಗಿ ಹಾಕಿ ನೋಡಲಾಗದಷ್ಟು ಉದ್ದದ 128 ಬಿಟ್‌ನ ಕೀ ಯಾರ ಕೈಗೂ ಸಿಗದೆ ಉಳಿದಿದ್ದರೆ, ಬರೀ ನಾಲ್ಕಂಕಿಯ ಪಿನ್ನನ್ನೂ ಆ ಸಾಲಿನಿಂದ ಪತ್ತೆ ಮಾಡಲು ಆಗುತ್ತಿರಲಿಲ್ಲ. ಮಾತು ಸರಿ ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ‘ನಿಮ್ಮ ಮೊಬೈಲ್ ನಂಬರನ್ನು ಹ್ಯಾಶ್ ಮಾಡಿಟ್ಟಿದ್ದೇವೆ, ಯಾರೂ ಬಿಡಿಸಲಾರರು’ ಅಂದರೆ ಜನ ನಂಬಿಬಿಡುತ್ತಾರೆ. 6, 7, 8, 9ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಕೀ ಬಯಲಾದರೆ ಅಷ್ಟನ್ನೂ ಹಾಕಿ ನೋಡಬಹುದು. ಬಿಡಿಸುವ ಅಗತ್ಯವೇ ಇಲ್ಲ.

ಸದ್ಯಕ್ಕೆ ‘ಬಿಡಿಸಿದೆ’ ಇದ್ದ ಕಡೆ ‘ತಾಳೆ ನೋಡಿ ಪತ್ತೆ ಹಚ್ಚಿದೆ’ ಅಂತ ಬರೆದಿದ್ದೇನೆ. ಕೀಗೆ ‘ಗುಟ್ಟು’. ಕೀ ಸೇರಿಸಿ ಮಾಡಿದ್ದಕ್ಕೆ ‘ಗುಟ್ಟು ಬೆರೆಸಿದ ಹ್ಯಾಶ್’. ಹ್ಯಾಶ್ ಹಾಗೇ ಇರಲಿ, ಮಕ್ಕಳ ಬಾಯಲ್ಲಿ ಆಗಲೇ ಕೂತಿದೆ. ‘ತಾಳೆ ನೋಡಿ ಪತ್ತೆ ಹಚ್ಚು’ ಮಾತ್ರ ಸ್ವಲ್ಪ ಉದ್ದ ಆಯಿತು ಅಲ್ವಾ? ಗೊಂಚಲಿನ ಬೀಗದ ಕೈಗಳನ್ನು ಒಂದೊಂದಾಗಿ ಹಾಕಿ ಹೊಂದುವುದನ್ನು ಹುಡುಕುತ್ತೇವಲ್ಲ, ಆ ಕೆಲಸಕ್ಕೆ ಕುಂದಾಪುರದ ಕಡೆ, ಪುತ್ತೂರು ಸುಳ್ಯದ ಕಡೆ ಒಂದೇ ಪದದ ಮಾತಿದ್ದರೆ ತಿಳಿಸಿ. ಸೋಮವಾರ ವರದಿ ವಾಪಸ್ ಕೊಡಬೇಕು.